ಕೂತವರ ಸೈನ್ಯ

ಸತ್ತವರ ಸೈನ್ಯವೊಂದನ್ನು ಕಟ್ಟಲು ನನಗೆ ಒಂದು ಇಡೀ ಮಳೆಗಾಲ ಹಿಡಿಯಿತು. ಕಟ್ಟಿದ್ದು ಆಟಕ್ಕೆ. ಮಾಗಡಿಯಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಬಣ್ಣ, ಮೊಳೆ, ಪೈಪು ಮಾರುತ್ತೇವೆ. ಕೆಲವು ವರ್ಷಗಳ ಹಿಂದೆ ಅಪ್ಪ ಹೋದಾಗಿನಿಂದ ಅದನ್ನು ನಾನೇ ನೋಡಿಕೊಳ್ಳುತ್ತೇನೆ. ಭಾನುವಾರ ಮಧ್ಯಾಹ್ನ ಶಟರ್ ಎಳೆದು, ಮಹಡಿಯ ಮೇಲೆ ಬಣ್ಣದ ಡಬ್ಬಗಳನ್ನು ಇಡುವ ಕೋಣೆಯಲ್ಲಿ ನಾವು ನಾಲ್ವರು ಆಡಲು ಕೂರುತ್ತೇವೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗುತ್ತಾರೆ. 'ಎದುರಿಗೆ ಒಂದು ಬಾಗಿಲಿದೆ' ಎನ್ನುವವಳು ನಾನು. ತೆಗೆಯಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರು. ತೆಗೆದದ್ದರಿಂದ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಹೇಳುವುದು ದಾಳ. ಕಥೆಯ ಕೇಡಿಗರು, ಅವರ ಸೈನ್ಯ, ಅವರ ಹೊಂಚು ಎಲ್ಲವೂ ನನ್ನ ಪಾಲಿಗೆ ಬರುತ್ತವೆ.

ಆಡಲು ಬರುವ ಮೂವರನ್ನು ನಾನು ಫೋನಿನಲ್ಲಿ ಊರಿನ ಹೆಸರಿನಲ್ಲೇ ಉಳಿಸಿಕೊಂಡಿದ್ದೇನೆ. ಬಾಯಿಗೂ ಅದೇ ರೂಢಿಯಾಗಿದೆ. ಚನ್ನಪಟ್ಟಣ ನನಗಿಂತ ದೊಡ್ಡವನು, ಮರದ ಗೊಂಬೆ ಕಡೆಯುವ ಮನೆಯವನು, ಮಾತು ಕಡಿಮೆ. ಕನಕಪುರ ನನ್ನ ಓರಗೆಯವಳು, ಅಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಬಿಡದಿ ಎಲ್ಲರಿಗಿಂತ ಚಿಕ್ಕವನು, ಕಾರ್ಖಾನೆಯ ಲೈನಿನಲ್ಲಿ ಕಾರುಗಳಿಗೆ ಬಾಗಿಲು ಕೂರಿಸುವವನು. ನಾವು ಪರಿಚಯವಾದದ್ದು ಇಂಟರ್‌ನೆಟ್ಟಿನಲ್ಲಿ, ಬೆಂಗಳೂರಿನವರ ಗುಂಪೊಂದರಲ್ಲಿ ಆಡುವಾಗ. ನಾಲ್ವರೂ ಒಂದೇ ಕಡೆಯವರು ಎಂದು ತಿಳಿದ ಮೇಲೆ, ಇಂಗ್ಲಿಷಿನಲ್ಲಿ ಸಾಯುವುದಕ್ಕಿಂತ ಕನ್ನಡದಲ್ಲೇ ಸಾಯೋಣ ಎಂದು ಬೇರೆಯಾದೆವು.

ನನ್ನ ಕಥೆಯ ಕೇಡಿ ಒಬ್ಬ ದೊರೆಸಾನಿ. ಬಂಡೆಗಳ ನಾಡಿನವಳು, ಯುದ್ಧದಲ್ಲಿ ಮಕ್ಕಳನ್ನೂ ಸೈನಿಕರನ್ನೂ ಕಳೆದುಕೊಂಡವಳು. ಬದುಕಿದವರು ಯಾರೂ ಅವಳ ಕಡೆ ಉಳಿದಿಲ್ಲವಾದ್ದರಿಂದ ಸತ್ತವರನ್ನು ಎಬ್ಬಿಸುತ್ತಾಳೆ. ಮೊದಲ ಸಲ ಆ ಸೈನ್ಯ ಬಂದದ್ದು ಎಲ್ಲರೂ ಬಲ್ಲ ರೂಪದಲ್ಲೇ: ತುಕ್ಕು ಕತ್ತಿ ಹಿಡಿದ ಅಸ್ಥಿಪಂಜರಗಳು, ಕಣ್ಣಿನ ಗುಳಿಯಲ್ಲಿ ಹಸಿರು ಬೆಳಕು. ಬಿಡದಿಯ ಪಾತ್ರ ಗದೆ ಹಿಡಿದ ಜಟ್ಟಿ. ಅವನು ಒಂದೇ ಮಧ್ಯಾಹ್ನದಲ್ಲಿ ಅರ್ಧ ಸೈನ್ಯವನ್ನು ಪುಡಿ ಮಾಡಿ, ಕಡಲೆಪುರಿ ತಿನ್ನುತ್ತಾ ಹೇಳಿದ:

"ಇವೆಲ್ಲಾ ಬರೀ ಮೂಳೆ ಕಣಕ್ಕ. ಒಂದೇಟ್ ಕೊಟ್ರೆ ಉದುರೋಯ್ತವೆ. ನಮ್ ಕ್ಯಾಂಟೀನ್ ಸಾಂಬಾರ್ ನೋಡುದ್ರೆ ಇದ್ಕಿಂತ ಭಯ ಆಯ್ತದೆ."

ಕನಕಪುರ ನಕ್ಕಳು. ಚನ್ನಪಟ್ಟಣವೂ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ಆ ವಾರವಿಡೀ ಗಿರಾಕಿಗಳಿಗೆ ಸುಣ್ಣ ತೂಗಿ ಕೊಡುವಾಗಲೂ ಅದೇ ಯೋಚನೆ: ಸತ್ತವರಲ್ಲಿ ನಿಜವಾಗಿ ಹೆದರಿಸುವುದು ಯಾವುದು?

ಉತ್ತರ ಹೊಳೆದದ್ದು ಅಪ್ಪನ ಸಮಾಧಿಯ ಮುಂದೆ. ಬಿಡದಿ ಊರಿಗೆ ಹೋಗುವ ದಾರಿಯಲ್ಲಿ, ನಮ್ಮ ಹಿರಿಯರ ಹಳ್ಳಿಯಲ್ಲಿ, ನಮ್ಮದೊಂದು ಹೊಲವಿದೆ. ಅದರ ಮೂಲೆಯಲ್ಲಿ, ಬೇವಿನ ಮರದ ಪಕ್ಕ, ಅಜ್ಜ, ಅಜ್ಜಿ, ಅಪ್ಪ ಮೂವರೂ ಇದ್ದರು. ನಮ್ಮಲ್ಲಿ ಹೂಳುವುದು ಕೂರಿಸಿ. ಗುಂಡಿ ತೋಡಿ, ಅದರ ಒಂದು ಗೋಡೆಯಲ್ಲಿ ಗೂಡು ಕೊರೆದು, ಚಕ್ಕಳಮಕ್ಕಳ ಹಾಕಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಮತ್ತು ಬಿಲ್ವಪತ್ರೆ ತುಂಬಿ ಮುಚ್ಚುತ್ತಾರೆ. ಅಪ್ಪನನ್ನು ಹಾಗೆ ಕೂರಿಸಿದಾಗ ನಾನು ಗುಂಡಿಯ ಅಂಚಿನಲ್ಲೇ ನಿಂತಿದ್ದೆ. ಅಂಗಡಿಯ ಗಲ್ಲಾದ ಹಿಂದೆ ಕೂರುತ್ತಿದ್ದ ಹಾಗೆಯೇ ಕೂತಿದ್ದರು, ಇನ್ನೇನು ಯಾರೋ ಬರುತ್ತಾರೆ ಎನ್ನುವವರ ಹಾಗೆ. ಮಲಗಿದವರು ನಿದ್ದೆಯಲ್ಲಿದ್ದಾರೆ ಎಂದುಕೊಳ್ಳಬಹುದು. ಕೂತವರು ಎಚ್ಚರವಾಗಿರುತ್ತಾರೆ.

ದೊರೆಸಾನಿಯ ಸೈನ್ಯ ಕೂತಿರುತ್ತದೆ ಎಂದು ಅಲ್ಲೇ ತೀರ್ಮಾನಿಸಿದೆ. ಅದು ನಡೆಯುವುದನ್ನು ಯಾರೂ ನೋಡಿರುವುದಿಲ್ಲ. ಕಣ್ಣು ಹಾಯಿಸಿದಾಗ ಕೂತಿರುತ್ತದೆ, ಒಂದು ನಿದ್ದೆ ತೆಗೆದು ಎದ್ದರೆ ಹತ್ತಿರದಲ್ಲಿ ಕೂತಿರುತ್ತದೆ. ಹೊಡೆದರೆ ತಿರುಗಿ ಹೊಡೆಯುವುದಿಲ್ಲ. ಅದರ ಎದುರು ನಿಂತವರಿಗೆ ಮಾತ್ರ ಮೆಲ್ಲಗೆ ಕಾಲು ಸೋಲುತ್ತದೆ, ಒಂದು ಗಳಿಗೆ ಕೂತು ಎದ್ದರಾಯಿತು ಅನ್ನಿಸುತ್ತದೆ. ಹಾಗೆ ಕೂತವರು ಮತ್ತೆ ಏಳುವುದಿಲ್ಲ.

ಚನ್ನಪಟ್ಟಣಕ್ಕೆ ಫೋನು ಮಾಡಿ ಗೊಂಬೆ ಕೇಳಿದೆ. ಅಗಲ ತಳ, ಸಣ್ಣ ತಲೆ, ಅಷ್ಟೇ ಎಂದೆ.

"ಮಕ ಬರೀಬ್ಯಾಡ್ವಾ?"

"ಬೇಡ."

"ಅರಗಿನ ಬಣ್ಣ?"

"ಅದೂ ಬೇಡ. ಮರ ಬೆಳ್ಳಗೇ ಇರಲಿ."

ಅವನು ಒಂದು ಚೀಲ ತುಂಬ ತಂದು ಮಹಡಿಯ ಮೇಲೆ ಸುರಿದ. ಹೊಸ ಮರದ ವಾಸನೆ ಥಿನ್ನರಿನ ವಾಸನೆಯನ್ನೂ ಮೀರಿ ಬಂತು. "ಸಾವ್ರಾರು ಗೊಂಬೆ ಕಡ್ದಿವ್ನಿ," ಎಂದ. "ಇವನ್ನ ಕಡೀವಾಗ ಮಾತ್ರ ಬೆನ್ನ್ ತಿರುಗ್ಸಿ ಮಡಗ್ಬೇಕು ಅನ್ಸ್ತು ಕಣಮ್ಮ. ಮಕ ಇಲ್ದಿದ್ರೂ ನೋಡ್ದಂಗಾಯ್ತದೆ."

ಅವು ಯಾರು ಎಂದು ಅವನಿಗೆ ಹೇಳಲಿಲ್ಲ. ಆಟದಲ್ಲಿ ಅವನೂ ಒಬ್ಬನಲ್ಲವೇ.

ಮುಂದಿನ ಭಾನುವಾರ ಮೂವರನ್ನೂ ಒಂದು ಹಳ್ಳಿಗೆ ಕರೆದುಕೊಂಡು ಹೋದೆ. ಬಾಗಿಲುಗಳೆಲ್ಲ ತೆರೆದಿವೆ ಎಂದೆ. ಒಲೆಯ ಮೇಲೆ ಮುದ್ದೆಯ ಹಿಟ್ಟು ಇನ್ನೂ ಕುದಿಯುತ್ತಿದೆ. ಮನೆಯಲ್ಲಿ ಯಾರೂ ಇಲ್ಲ. ಊರಾಚೆಯ ರಾಗಿ ಹೊಲದಲ್ಲಿ ಊರಿನ ಮಂದಿಯೆಲ್ಲ ಸಾಲಾಗಿ ಕೂತಿದ್ದಾರೆ, ನಿಮಗೆ ಬೆನ್ನು ಮಾಡಿ. ಹಾಗೆನ್ನುತ್ತಾ ಗೊಂಬೆಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟೆ. ಇಡುತ್ತಾ ಹೋದಂತೆ ಬಿಡದಿಯ ಕಡಲೆಪುರಿ ತಿನ್ನುವ ಸದ್ದು ನಿಂತಿತು.

ಜಟ್ಟಿ ಹೋಗಿ ಒಬ್ಬನ ಭುಜಕ್ಕೆ ಗದೆ ಬೀಸಿದ. ದಾಳ ಚೆನ್ನಾಗಿಯೇ ಬಿತ್ತು. ಭುಜ ಮುರಿಯಿತು ಎಂದೆ. ಅವನು ಹಾಗೇ ಕೂತಿದ್ದಾನೆ, ತಿರುಗಿಯೂ ನೋಡಲಿಲ್ಲ. ನಿನ್ನ ಮೊಣಕಾಲು ಒಸಿ ನೋಯುತ್ತಿದೆ.

"ಯಾಕಕ್ಕ ನೋಯ್ತದೆ? ಅವ್ನು ಏನೂ ಮಾಡ್ಲಿಲ್ವಲ್ಲ."

"ಏನೂ ಮಾಡಲಿಲ್ಲ," ಎಂದೆ.

ಅಲ್ಲಿಂದಾಚೆ ವಾರವಾರವೂ ಸೈನ್ಯ ಹತ್ತಿರ ಬಂತು. ಕೆರೆಯ ಆಚೆ ದಡದಲ್ಲಿ ಕೂತದ್ದು ಮುಂದಿನ ಸಲ ಏರಿಯ ಮೇಲೆ, ಆಮೇಲೆ ಛತ್ರದ ಜಗಲಿಯ ಮೇಲೆ. ಮೂವರೂ ಪಾತ್ರಗಳಿಗೆ ನಿದ್ದೆ ಕೊಡಲು ಹೆದರತೊಡಗಿದರು. ಆಟದ ಆಚೆಗೂ ಅದು ಹಬ್ಬಿತು. ವಾರ್ಡಿನ ಮೆಟ್ಟಿಲ ಮೇಲೆ ರೋಗಿಗಳ ಕಡೆಯವರು ಗೋಡೆಗೆ ಮುಖ ಮಾಡಿ ಕೂತಿರುತ್ತಾರಲ್ಲ, ಈಗ ಅವರನ್ನು ದಾಟಿ ಹೋಗುವಾಗ ಬೇಗ ಹೆಜ್ಜೆ ಹಾಕುತ್ತೇನೆ ಎಂದಳು ಕನಕಪುರ. ಶಿಫ್ಟು ಮುಗಿದು ಕಂಪನಿ ಬಸ್ಸು ಹತ್ತಿದ ಬಿಡದಿ ಒಂದು ಸಂಜೆ ಮೆಸೇಜು ಕಳಿಸಿದ: 'ಅಕ್ಕ, ಬಸ್ಸಲ್ಲಿ ಎಲ್ರೂ ತಲೆ ಬಗ್ಗಿಸ್ಕೊಂಡು ಕುಂತವ್ರೆ. ಒಬ್ರೂ ಮಾತಾಡ್ತಿಲ್ಲ. ನಾನ್ ನಿಂತ್ಕೊಂಡೇ ಬತ್ತೀನಿ.' ನಗೆಯ ಚಿತ್ರ ಹಾಕಿರಲಿಲ್ಲ.

ಗೊಂಬೆಗಳು ಮಹಡಿಯ ಮೇಲೇ ಇರುತ್ತಿದ್ದವು. ಅಂಗಡಿಯ ಹಿಂದೆಯೇ ನಮ್ಮ ಮನೆಯಿದ್ದರೂ ಅಮ್ಮ ಅಲ್ಲಿಗೆ ಬರುವುದು ಅಪರೂಪ, ಮಂಡಿನೋವು. ಒಂದು ಬೆಳಿಗ್ಗೆ ಒಣಗಿದ ಬಟ್ಟೆ ತೆಗೆಯಲು ಹತ್ತಿ ಬಂದವಳು ಮೇಜಿನ ಮುಂದೆ ನಿಂತುಬಿಟ್ಟಳು. ನಾನು ಡಬ್ಬಗಳ ಲೆಕ್ಕ ನೋಡುತ್ತಿದ್ದೆ.

"ಯಾರವ್ವ ಇವ್ರು?"

"ಆಟದ ಗೊಂಬೆ ಕಣಮ್ಮ."

ಅಮ್ಮ ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಹೆಬ್ಬೆರಳಿನಿಂದ ಅದರ ಮಡಿಲನ್ನು ಸವರಿದಳು.

"ಕೈಲಿ ಲಿಂಗ ಎಲ್ಲೈತೆ?"

ಅಮ್ಮ ಗೊಂಬೆಯನ್ನು ಇದ್ದ ಜಾಗದಲ್ಲೇ, ಇದ್ದ ದಿಕ್ಕಿಗೇ ಇಟ್ಟು, ಬಟ್ಟೆಗಳನ್ನು ಅಲ್ಲೇ ಬಿಟ್ಟು ಇಳಿದು ಹೋದಳು.

ಮಳೆ ಹಿಂದೆಗೆದ ಮೇಲೆ ನಮ್ಮ ಹೊಲದ ಬದುವಿನಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳು ಕಾಣಿಸಿಕೊಂಡವು. ಹೊಸ ರಸ್ತೆಯೊಂದು ಬರುತ್ತದೆ ಎಂಬ ಮಾತು ಮೊದಲಿನಿಂದ ಇತ್ತು. ಅದು ನಮ್ಮ ಹೊಲದ ಯಾವ ಭಾಗದಲ್ಲಿ ಹಾದು ಹೋಗುತ್ತದೆ ಎಂಬುದು ಈಗ ತಿಳಿಯಿತು. ಎರಡು ಕಲ್ಲುಗಳ ನಡುವೆ ಬೇವಿನ ಮರ, ಮರದ ಬುಡದಲ್ಲಿ ಮೂರು ಸಮಾಧಿ. ನನ್ನ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಆ ಕಚೇರಿ ಈ ಕಚೇರಿ ಅಲೆದು ಬಂದರು. ರಸ್ತೆ ಬಗ್ಗುವುದಿಲ್ಲ, ಜೆಸಿಬಿ ಬರುವ ಮೊದಲು ನೀವೇ ತೆಗೆದುಕೊಂಡರೆ ಒಳ್ಳೆಯದು ಎಂದು ಅಲ್ಲಿನವರು ಹೇಳಿದರಂತೆ. ಹಳ್ಳಿಯ ಆಚೆ ಬದಿಯಲ್ಲಿರುವ ತಮ್ಮ ಹೊಲದ ಅಂಚಿನಲ್ಲಿ ದೊಡ್ಡಪ್ಪ ಜಾಗ ಗೊತ್ತುಮಾಡಿದರು. ಮನೆತನದ ಕೆಲಸಗಳಿಗೆ ಬರುವ ಅಯ್ಯನವರು ದಿನ ನೋಡಿ ಹೇಳಿದರು.

ಅಗೆಯುವ ಗಂಡಾಳು ಮನೆಯಲ್ಲಿ ಇರಲಿಲ್ಲ. ಕೂಲಿಯವರು ಆ ಕೆಲಸಕ್ಕೆ ಒಪ್ಪಲಿಲ್ಲ. ಆ ಭಾನುವಾರ ಆಟವಿಲ್ಲ ಎಂದು ತಿಳಿಸುವಾಗ ಕಾರಣವನ್ನೂ ಹೇಳಿದೆ. ಬನ್ನಿ ಎಂದು ಕೇಳಿಕೊಂಡಿರಲಿಲ್ಲ, ಆದರೂ ಬೆಳಿಗ್ಗೆ ಮೂವರೂ ಹೊಲದಲ್ಲಿ ನಿಂತಿದ್ದರು. ಬಿಡದಿಯ ಕೈಯಲ್ಲಿ ಹಾರೆ, ಚನ್ನಪಟ್ಟಣದ ಹೆಗಲ ಮೇಲೆ ಅವನ ಚೀಲ, ಕನಕಪುರದ ಕೈಯಲ್ಲಿ ಆಸ್ಪತ್ರೆಯ ಕೈಗವಸುಗಳು.

ಅಯ್ಯನವರು ಮಂತ್ರ ಹೇಳಿದ ಮೇಲೆ ಬಿಡದಿ, ಚನ್ನಪಟ್ಟಣ ಸೇರಿ ಅಪ್ಪನ ಸಮಾಧಿಯನ್ನೇ ಮೊದಲು ತೆರೆದರು. ಮಣ್ಣು ಇಳಿದಂತೆ ಗೋಡೆಯ ಗೂಡು ಕಾಣಿಸಿಕೊಂಡಿತು. ಬಿಡದಿ ಅಗೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ನಿಮ್ಮಲ್ಲಿ ಕುಂಡ್ರಿಸ್ತಾರಾ ಅಕ್ಕ?"

"ಹೂಂ."

ಅವನು ಚನ್ನಪಟ್ಟಣದ ಕಡೆ ನೋಡಿದ. ಚನ್ನಪಟ್ಟಣ ಮಣ್ಣಿನ ಕಡೆ ನೋಡುತ್ತಿದ್ದ. ಇಷ್ಟು ವಾರ ಮೇಜಿನ ಮೇಲೆ ತಮ್ಮ ಹತ್ತಿರ ಸರಿಯುತ್ತಾ ಬಂದದ್ದು ಎಲ್ಲಿಂದ ಎಂದು ಮೂವರಿಗೂ ಆಗ ತಿಳಿಯಿತು.

ಅಪ್ಪ ಕೂತಿರಲಿಲ್ಲ. ಎಂದೋ ಒಂದು ಪಕ್ಕಕ್ಕೆ ಒರಗಿ, ಆಮೇಲೆ ಕುಸಿದು, ಗೂಡಿನ ನೆಲದ ಮೇಲೆ ಹರಡಿಕೊಂಡಿದ್ದರು. ತಲೆ ತೋಳಿನ ಮೂಳೆಯ ಪಕ್ಕದಲ್ಲಿತ್ತು, ದಿಂಬಿಗೆ ತಲೆ ಕೊಟ್ಟ ಹಾಗೆ. ಅಮ್ಮ ಅಂಚಿಗೆ ಬಂದು, ಬಗ್ಗಿ, ಬಹಳ ಹೊತ್ತು ನೋಡಿದಳು.

"ಮಲಗವ್ರೆ ಬುಡು," ಎಂದಳು. "ಸುಸ್ತಾಗಿದ್ರು."

ಕನಕಪುರ ಗುಂಡಿಗೆ ಇಳಿದು, ಅಪ್ಪನನ್ನು ಬಿಳಿ ಬಟ್ಟೆಗೆ ಎತ್ತಿಟ್ಟಳು. ಲಿಂಗ ಸಿಕ್ಕಿತು. ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಅಯ್ಯನವರ ಕೈಗೆ ಕೊಟ್ಟಳು. ಅಜ್ಜಿಯ ಗೂಡಿನಲ್ಲಿ ಉಳಿದದ್ದು ಕಡಿಮೆ. ಅಜ್ಜನದರಲ್ಲಿ ಕಪ್ಪು ಮಣ್ಣು, ಒಂದು ಹಿಡಿ ಮೂಳೆ, ಲಿಂಗ. ಬಿಸಿಲು ಏರುತ್ತಿತ್ತು. ಇನ್ನೇನು ಮುಗಿಯಿತು ಎಂದುಕೊಂಡೆವು.

ಅಜ್ಜನ ಗೂಡನ್ನು ಕೊನೆಯದಾಗಿ ಕೆರೆಯುತ್ತಿದ್ದ ಬಿಡದಿಯ ಹಾರೆ ಹಿಂಗೋಡೆಯೊಳಕ್ಕೆ ಹೋಯಿತು. ಮಣ್ಣು ಉದುರಿ ಆಚೆ ಇನ್ನೊಂದು ಗೂಡು ತೆರೆದುಕೊಂಡಿತು. ಅದರಲ್ಲಿ ಒಬ್ಬರು ಕೂತಿದ್ದರು.

ನಿಜವಾಗಿಯೂ ಕೂತಿದ್ದರು. ಬೇವಿನ ಬೇರುಗಳು ಬೆನ್ನಿಗೂ ಎದೆಗೂಡಿಗೂ ಸುತ್ತಿ, ಕುತ್ತಿಗೆಯನ್ನೂ ಆನಿಸಿ ಹಿಡಿದಿದ್ದವು. ಮುಖ ನಮ್ಮ ಅಜ್ಜನ ಬೆನ್ನಿದ್ದ ಕಡೆಗೆ. ಬಿಡದಿ ಹಾರೆ ಬಿಟ್ಟು ಮೇಲೆ ಹತ್ತಿ ಬಂದ.

"ಇದು ಯಾರ್ದು?" ಎಂದರು ಅಯ್ಯನವರು.

ದೊಡ್ಡಪ್ಪ ತಲೆಯಾಡಿಸಿದರು. "ನಂಗೊತ್ತಿಲ್ಲ ಬುದ್ದಿ. ನಮ್ಮಪ್ಪನ್ನ ಇಲ್ಲಿ ಮಡಗ್ದಾಗ ಈ ಜಾಗ ಬರೀ ಬೀಳು."

ಅಮ್ಮನಿಗೂ ಗೊತ್ತಿರಲಿಲ್ಲ. ಅಯ್ಯನವರು ಹೇಳಿದಂತೆ ಕನಕಪುರ ಗೂಡಿನ ಮಣ್ಣನ್ನೆಲ್ಲ ಬೆರಳಿನಲ್ಲಿ ಜಾಲಾಡಿದಳು. ಲಿಂಗವಿರಲಿಲ್ಲ. ಬಳೆಯಿಲ್ಲ, ತಾಯಿತವಿಲ್ಲ, ಅಂಗಿಯ ಒಂದು ಗುಂಡಿಯೂ ಇಲ್ಲ. ಅದು ಯಾರು ಎಂಬುದು ಈಗಲೂ ನಮಗೆ ಗೊತ್ತಿಲ್ಲ. ಹಳ್ಳಿಯ ಹಿರಿಯರನ್ನು ಕೇಳಿದೆವು, ಅವರಿಗೂ ತಿಳಿಯದು.

"ಯಾರಾದ್ರೇನು," ಎಂದಳು ಅಮ್ಮ. "ಬುಟ್ಟೋಗಕ್ಕಾಯ್ತದಾ? ಆ ಮಿಸೀನ್ ಬಂದು ಬಗೀತದೆ."

ಬೇರು ಕತ್ತರಿಸದೆ ತೆಗೆಯುವಂತಿರಲಿಲ್ಲ. ಮರದ ಕೆಲಸ ಬಲ್ಲವನು ಚನ್ನಪಟ್ಟಣ. ಚೀಲದಿಂದ ಸಣ್ಣ ಗರಗಸ ತೆಗೆದು ಒಬ್ಬನೇ ಇಳಿದ. ಅವನ ಮುಖಕ್ಕೂ ಆ ಮುಖಕ್ಕೂ ನಡುವೆ ಗೇಣು ಜಾಗವಿತ್ತು. ಒಂದೊಂದೇ ಬೇರು ಕೊಯ್ದ. ಕೊನೆಯದನ್ನು ಕೊಯ್ದಾಗ ಅದು ಪೂರಾ ಅವನ ತೋಳಿನ ಮೇಲೆ ಕುಸಿಯಿತು. ಅವನು ಕೂಗಲಿಲ್ಲ. ತೋಳು ಅಲುಗಿಸದೆ, ಕನಕಪುರ ಬಟ್ಟೆ ಹಾಸುವವರೆಗೂ ಹಾಗೇ ಹಿಡಿದುಕೊಂಡಿದ್ದ.

ಹೊಸ ಜಾಗದಲ್ಲಿ ನಮ್ಮ ಮೂವರನ್ನು ಸೇರಿಸಿದ ಮೇಲೆ ನಾಲ್ಕನೆಯದಕ್ಕೆ ಒಸಿ ದೂರದಲ್ಲಿ ಗುಂಡಿ ತೋಡಿದೆವು. ಲಿಂಗವಿಲ್ಲದವರಿಗೆ ಯಾವ ಮಂತ್ರ ಹೇಳಬೇಕೆಂದು ಅಯ್ಯನವರಿಗೆ ತೋಚಲಿಲ್ಲ. ಕೊನೆಗೆ ಒಂದು ಹಿಡಿ ವಿಭೂತಿ ಹಾಕಿ ಕೈಮುಗಿದರು. ಮೇಲೊಂದು ಕಲ್ಲು ಇಟ್ಟೆವು. ಹತ್ತಿರದ ಕೆರೆಯಲ್ಲಿ ಚನ್ನಪಟ್ಟಣ ಬಹಳ ಹೊತ್ತು ಕೈ ತೊಳೆದು, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ.

ಕೆಲವು ವಾರ ಆಟ ನಿಂತಿತು. ಆ ಗೊಂಬೆಗಳನ್ನು ತೆಗೆದಿಟ್ಟು ಬೇರೆ ಕಥೆ ಶುರು ಮಾಡೋಣವೇ ಎಂದು ಕೇಳಿದೆ. ಬೇಡ ಎಂದಳು ಕನಕಪುರ. ಇದನ್ನು ಅರ್ಧಕ್ಕೆ ಬಿಟ್ಟರೆ ನಿದ್ದೆ ಬರುವುದಿಲ್ಲ, ಮುಗಿಸು.

ಮತ್ತೆ ಸೇರಿದ ಭಾನುವಾರ ಅಮ್ಮನೂ ಮೆಟ್ಟಿಲು ಹತ್ತಿ ಬಂದು, ಬಾಗಿಲ ಪಕ್ಕ ಬಣ್ಣದ ಡಬ್ಬದ ಮೇಲೆ ಕೂತಳು. ದೊರೆಸಾನಿಯ ಸೈನ್ಯ ಕೊನೆಯ ಊರಿನ ಹೆಬ್ಬಾಗಿಲಿನ ಮುಂದೆ ಕೂತಿದೆ ಎಂದೆ. ಚೀಲದಲ್ಲಿದ್ದ ಗೊಂಬೆಗಳನ್ನೆಲ್ಲ ಮೇಜಿನ ಮೇಲೆ ಇಟ್ಟೆ.

ಬಿಡದಿ ಗದೆ ಎತ್ತಲಿಲ್ಲ. ಆಟದಲ್ಲಿ ಮದ್ದು ಬಲ್ಲವಳಾದ ಕನಕಪುರ ಕೇಳಿದಳು: "ನಾನು ಒಬ್ಬೊಬ್ಬರನ್ನೇ ಮಲಗಿಸ್ತೀನಿ. ಕೈಕಾಲು ನೀಡಿಸಿ, ಕಣ್ಣು ಮುಚ್ಚಿಸಿ. ಆಗುತ್ತಾ?"

ನಾನು ಅದನ್ನು ಯೋಚಿಸಿರಲಿಲ್ಲ. ಆಗುತ್ತದೆ ಎಂದೆ. ಆದರೆ ಪ್ರತಿಯೊಬ್ಬರಿಗೂ ದಾಳ ಹಾಕಬೇಕು. ತಪ್ಪಿದರೆ ನಿನ್ನ ಕಾಲು ಸೋಲುತ್ತದೆ.

ಅವಳು ದಾಳ ಹಾಕಿದಳು. ಒಂದು ಗೊಂಬೆಯನ್ನು ಮೆಲ್ಲಗೆ ಅಡ್ಡ ಮಲಗಿಸಿದಳು. ಇನ್ನೊಂದು. ಮತ್ತೊಂದು. ಮರ ಮೇಜಿಗೆ ತಾಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಸಾಲು ಮುಗಿಯುವಷ್ಟರಲ್ಲಿ ದಾಳ ತಪ್ಪಿತು, ಮತ್ತೆ ತಪ್ಪಿತು. ದಾಳದ ಫಲ ಬದಲಿಸುವ ಅಧಿಕಾರ ನನ್ನ ಕೈಯಲ್ಲಿತ್ತು. ಬದಲಿಸಲಿಲ್ಲ, ಬದಲಿಸಿದರೆ ಅವಳಿಗೆ ಗೊತ್ತಾಗುತ್ತಿತ್ತು. ನೀನು ಒಂದು ಗಳಿಗೆ ಕೂರುತ್ತೀಯ ಎಂದೆ. ಅವಳು ತನ್ನ ಪಾತ್ರದ ಗೊಂಬೆಯನ್ನು ತಾನೇ ತೆಗೆದು ಸಾಲಿನಲ್ಲಿಟ್ಟಳು.

"ಅವ್ಳು ಬುಟ್ಟಲ್ಲಿಂದ ನಾನ್ ಮಾಡ್ತೀನಿ," ಎಂದ ಬಿಡದಿ. ಅವನ ದಾಳ ಇನ್ನೂ ಬೇಗ ಸೋತಿತು. ಜಟ್ಟಿಯೂ ಕೂತ.

ಉಳಿದವನು ಚನ್ನಪಟ್ಟಣ. ದಾಳವನ್ನು ಅಂಗೈಯಲ್ಲಿಟ್ಟುಕೊಂಡು ಮೇಜು ನೋಡುತ್ತಿದ್ದ. ತಾನೇ ಕಡೆದ ಗೊಂಬೆಗಳು.

"ನಾನು ಓಡೋಯ್ತೀನಿ," ಎಂದ.

"ಅವರಿಬ್ಬರನ್ನ ಬಿಟ್ಟಾ?"

"ಹೂಂ. ಬುಟ್ಟು."

ಅಲ್ಲಿಗೆ ಊರು ದೊರೆಸಾನಿಯ ವಶವಾಯಿತು ಎಂದೆ. ಮೂವರೂ ಚಪ್ಪಲಿ ಹಾಕಿಕೊಂಡು ಇಳಿದು ಹೋದರು. ಅಮ್ಮ ಮಾತ್ರ ಡಬ್ಬದ ಮೇಲೇ ಇದ್ದಳು. ಮಲಗಿಸಿದ ಗೊಂಬೆಗಳ ಕಡೆ ಕೈ ತೋರಿಸಿ ಹೇಳಿದಳು:

"ನನ್ನನ್ನ ಹಿಂಗೇ ಮಡಗ್ರವ್ವ. ಕುಂಡ್ರುಸ್ಬ್ಯಾಡಿ."

"ದೊಡ್ಡಪ್ಪ ಒಪ್ಪಲ್ಲಮ್ಮ."

"ನೀನ್ ಹೇಳು."

ಹೂಂ ಎನ್ನಲು ನನ್ನಿಂದ ಆಗಲಿಲ್ಲ. ಅಮ್ಮನೂ ಒತ್ತಾಯ ಮಾಡಲಿಲ್ಲ, ಗೋಡೆ ಹಿಡಿದು ಮೆಟ್ಟಿಲಿಳಿದಳು.

ಈಗ ಆ ಹೊಲದಲ್ಲಿ ಜಲ್ಲಿ ಹಾಕಿದ್ದಾರೆ, ಬೇವಿನ ಮರವಿಲ್ಲ. ಕನಕಪುರ, ಬಿಡದಿ ಇಬ್ಬರೂ ಹೊಸ ಪಾತ್ರ ಬರೆದುಕೊಳ್ಳುತ್ತೇವೆ ಎಂದಿದ್ದಾರೆ. ಚನ್ನಪಟ್ಟಣದಿಂದ ಸುದ್ದಿಯಿರಲಿಲ್ಲ, ಬಿಟ್ಟೇಬಿಟ್ಟ ಎಂದುಕೊಂಡೆ. ಹೋದ ಭಾನುವಾರ ಶಟರ್ ಎಳೆಯುವ ಮೊದಲೇ ಬಂದು ಗಲ್ಲಾದ ಮುಂದೆ ನಿಂತ. ಸೊರಗಿ ಹೋಗಿದ್ದ. ಮಹಡಿಗೆ ಬಾ ಎಂದರೆ ಬರಲಿಲ್ಲ.

"ಆಟದಲ್ಲಿ ನನ್ನೋನು ಎಲ್ಲಿಗಂಟ ಓಡಿರ್ತಾನೆ?"

"ನೀನೇ ಹೇಳು."

"ಕಾಡು ದಾಟವ್ನೆ. ಇನ್ನೂ ಓಡ್ತಾವ್ನೆ." ಒಂದು ಮೊಳೆಯ ಪೊಟ್ಟಣ ಎತ್ತಿ, ನೋಡಿ, ಕೆಳಗಿಟ್ಟ. "ಆ ಕುಂತಿರೋವು ಎಲ್ಲಿ ಅವೆ?"

"ನಿನ್ನ ಹಿಂದೆ. ತಿರುಗಿ ನೋಡ್ತೀಯಾ?"

ಅವನು ಯೋಚಿಸಿದ. ಆಟದಲ್ಲಿ ಅಷ್ಟು ಹೊತ್ತು ಯೋಚಿಸಿದ್ದನ್ನು ನಾನು ಕಂಡಿರಲಿಲ್ಲ.

"ಇಲ್ಲ," ಎಂದ. "ಮುಂದಿನ್ ಊರು ಎಷ್ಟ್ ದೂರ ಐತೆ, ಅದ್ನ ಹೇಳು."